ಒಂದೇ ಮ್ಯಾಕ್ರೊ, ಹಲವು ಆಫೀಸ್: ಎಲ್ಲ ಆವೃತ್ತಿಗಳಲ್ಲೂ ಓಡುವ ವಿಬಿಎ ಕೋಡ್ ಬರೆಯುವ ಸಮಗ್ರ ಮಾರ್ಗದರ್ಶಿ

ಲೆಕ್ಕಪತ್ರ ವಿಭಾಗದ ಹಳೆಯ ಕಂಪ್ಯೂಟರಿನಲ್ಲಿ ಆಫೀಸ್ 2010, ಪಕ್ಕದ ಮೇಜಿನಲ್ಲಿ 2016, ಮ್ಯಾನೇಜರ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ 365. ಮೂರಕ್ಕೂ ಹೋಗುವುದು ಒಂದೇ ಎಕ್ಸೆಲ್ ಮ್ಯಾಕ್ರೊ ಫೈಲು, ಅಂದರೆ ಆಫೀಸ್‌ನೊಳಗಿನ ವಿಬಿಎ ಭಾಷೆಯಲ್ಲಿ ಬರೆದ ಕೋಡ್ ಇರುವ ಫೈಲು. ಒಂದು ಕಡೆ ಸಲೀಸಾಗಿ ಓಡಿದ ಕೋಡ್ ಇನ್ನೊಂದು ಕಡೆ ಮೊದಲ ಸಾಲಿನಲ್ಲೇ ನಿಂತುಬಿಡುತ್ತದೆ. ಮೈಕ್ರೋಸಾಫ್ಟ್‌ನ ಬೆಂಬಲ ಆಫೀಸ್ 2010ಕ್ಕೆ 2020ರ ಅಕ್ಟೋಬರ್ 13ರಂದು, 2013ಕ್ಕೆ 2023ರ ಏಪ್ರಿಲ್ 11ರಂದು, 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ರಂದು ಮುಗಿಯಿತು. ಆದರೂ ಈ ಎಲ್ಲ ಆವೃತ್ತಿಗಳು ಇನ್ನೂ ಬಳಕೆಯಲ್ಲಿವೆ, ಮ್ಯಾಕ್ರೊ ಬರೆಯುವವರು ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಈ ಮಾರ್ಗದರ್ಶಿಯುದ್ದಕ್ಕೂ ಹಿಡಿದಿರುವ ಸೂತ್ರ ಒಂದೇ: ಆಫೀಸ್ ಎಷ್ಟನೆಯ ಆವೃತ್ತಿ ಎಂದು ಕೇಳುವುದಕ್ಕಿಂತ, ನಮಗೆ ಬೇಕಾದ ಕೆಲಸ ಅದಕ್ಕೆ ಬರುತ್ತದೆಯೇ ಎಂದು ಕೇಳಿ. ಆವೃತ್ತಿ ಸಂಖ್ಯೆಯನ್ನು ನಂಬಿ ಬರೆದ ಕೋಡ್ ಎಂದಾದರೊಂದು ದಿನ ಕೈಕೊಡುತ್ತದೆ. ಇಲ್ಲಿನ ಕೋಡ್ ಸಾಲುಗಳನ್ನು ಓದುವಂತೆಯೇ ಕನ್ನಡದಲ್ಲಿ ಕೊಟ್ಟಿದೆ. ವಿಬಿಎ ಎಡಿಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲು ಸಂಖ್ಯೆಯನ್ನು ಸರಿಯಾಗಿ ಓದುವುದು

ಅಪ್ಲಿಕೇಶನ್.ವರ್ಷನ್ ಎಂಬ ಪ್ರಾಪರ್ಟಿ (ಆಫೀಸ್‌ನ ಒಂದು ಗುಣವನ್ನು ಓದುವ ಹೆಸರು) ಆವೃತ್ತಿ ಸಂಖ್ಯೆಯನ್ನು ಕೊಡುತ್ತದೆ. ವಿಂಡೋಸ್‌ನಲ್ಲಿ ಅದು ಹೀಗಿರುತ್ತದೆ:

ಆಫೀಸ್ 97: 8.0
ಆಫೀಸ್ 2000: 9.0
ಆಫೀಸ್ ಎಕ್ಸ್‌ಪಿ: 10.0
ಆಫೀಸ್ 2003: 11.0
ಆಫೀಸ್ 2007: 12.0
ಆಫೀಸ್ 2010: 14.0
ಆಫೀಸ್ 2013: 15.0
ಆಫೀಸ್ 2016, 2019, 2021, 2024 ಮತ್ತು ಮೈಕ್ರೋಸಾಫ್ಟ್ 365: ಎಲ್ಲಕ್ಕೂ 16.0

13 ಎಂಬ ಸಂಖ್ಯೆಯನ್ನು ಬಿಟ್ಟು ಮುಂದೆ ಹೋಗಿದ್ದಾರೆ. ಹಾಗಾಗಿ 12ಕ್ಕೆ ಒಂದು ಕೂಡಿಸಿ ಮುಂದಿನ ಆವೃತ್ತಿ ಎಂದುಕೊಳ್ಳುವ ಕೋಡ್ ಅಲ್ಲೇ ಎಡವುತ್ತದೆ.

ಈ ಪ್ರಾಪರ್ಟಿ ಕೊಡುವುದು ಸಂಖ್ಯೆಯನ್ನಲ್ಲ, ಪಠ್ಯವನ್ನು. ಪಠ್ಯವಾಗಿ ಹೋಲಿಸಿದರೆ "9.0" ಎಂಬುದು "16.0"ಕ್ಕಿಂತ ದೊಡ್ಡದಾಗುತ್ತದೆ, ಏಕೆಂದರೆ ಹೋಲಿಕೆ ಮೊದಲ ಅಕ್ಷರದಿಂದ ಶುರುವಾಗುತ್ತದೆ ಮತ್ತು 9 ಎಂಬುದು 1ರ ನಂತರ ಬರುತ್ತದೆ. ಆದ್ದರಿಂದ ಮೊದಲು ಸಂಖ್ಯೆಯಾಗಿ ಬದಲಿಸಿ:

ಇಫ್ ವ್ಯಾಲ್(ಅಪ್ಲಿಕೇಶನ್.ವರ್ಷನ್) < 12 ದೆನ್

ಪಠ್ಯವನ್ನು ಸಂಖ್ಯೆಯಾಗಿಸುವ ಫಂಕ್ಷನ್‌ಗಳಲ್ಲಿ ಇಲ್ಲಿ ಸಿಡಿಬಿಎಲ್ ಬಳಸಬೇಡಿ, ವ್ಯಾಲ್ ಬಳಸಿ. ಸಿಡಿಬಿಎಲ್ ಆ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗನ್ನು ನೋಡಿಕೊಂಡು ಕೆಲಸ ಮಾಡುತ್ತದೆ. ದಶಮಾಂಶಕ್ಕೆ ಅಲ್ಪವಿರಾಮ ಬಳಸುವ ಜರ್ಮನಿಯ ಕಂಪ್ಯೂಟರಿನಲ್ಲಿ "16.0" ಎಂಬುದು 160 ಆಗಿಬಿಡುತ್ತದೆ. ಬೆಂಗಳೂರಿನಲ್ಲಿ ಬರೆದ ಫೈಲು ಜರ್ಮನಿಯ ಕಚೇರಿಯಲ್ಲಿ ಮಾತ್ರ ಕೆಟ್ಟರೆ ಮೊದಲು ನೋಡಬೇಕಾದದ್ದು ಇದನ್ನೇ. ವ್ಯಾಲ್ ಯಾವ ಊರಿನಲ್ಲಾದರೂ ಚುಕ್ಕೆಯನ್ನೇ ದಶಮಾಂಶವೆಂದು ಓದುತ್ತದೆ.

16ರ ಆಚೆಗೆ ಸಂಖ್ಯೆ ಪ್ರಯೋಜನಕ್ಕೆ ಬಾರದು

2016ಕ್ಕೂ 365ಕ್ಕೂ ಆವೃತ್ತಿ ಸಂಖ್ಯೆ ಒಂದೇ. ಆದರೆ ಅವೆರಡರ ನಡುವೆ ಅಜಗಜಾಂತರವಿದೆ. ಟೆಕ್ಸ್ಟ್‌ಜಾಯಿನ್ 2019ರಲ್ಲಿ ಬಂತು. ಎಕ್ಸ್‌ಲುಕಪ್, ಫಿಲ್ಟರ್, ಯುನೀಕ್, ಸೀಕ್ವೆನ್ಸ್ ಇವೆಲ್ಲ 2021 ಮತ್ತು 365ರಲ್ಲಿ ಇವೆ, 2016ರಲ್ಲಿ ಇಲ್ಲ. ಅಪ್ಲಿಕೇಶನ್.ಬಿಲ್ಡ್ ಕೊಡುವ ಸಂಖ್ಯೆಯಿಂದ ಸ್ವಲ್ಪ ಅಂದಾಜು ಮಾಡಬಹುದು, ದೋಷ ವರದಿಯಲ್ಲಿ ಅದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದೇ. ಆದರೆ ಅದರ ಮೇಲೆ ನಿರ್ಧಾರ ಕಟ್ಟಬೇಡಿ. ಅಪ್‌ಡೇಟ್ ಬಂದಂತೆಲ್ಲ ಬದಲಾಗುವ ಸಂಖ್ಯೆ ಅದು.

ಇದಕ್ಕಿಂತ ನೇರವಾದ ದಾರಿ ಎಂದರೆ ಎಕ್ಸೆಲ್‌ಗೇ ಒಂದು ಪುಟ್ಟ ಲೆಕ್ಕ ಕೊಟ್ಟು ನೋಡುವುದು:

ಫಂಕ್ಷನ್ ಹೊಸಎಕ್ಸೆಲ್() ಆಸ್ ಬೂಲಿಯನ್
ಡಿಮ್ ಉತ್ತರ ಆಸ್ ವೇರಿಯಂಟ್
ಉತ್ತರ = ಅಪ್ಲಿಕೇಶನ್.ಇವ್ಯಾಲ್ಯುಯೇಟ್("ಸಮ್(ಸೀಕ್ವೆನ್ಸ್(3))")
ಇಫ್ ನಾಟ್ ಇಸ್‌ಎರರ್(ಉತ್ತರ) ದೆನ್ ಹೊಸಎಕ್ಸೆಲ್ = (ಉತ್ತರ = 6)
ಎಂಡ್ ಫಂಕ್ಷನ್

ಸೀಕ್ವೆನ್ಸ್ ಗೊತ್ತಿರುವ ಎಕ್ಸೆಲ್ 1, 2, 3ನ್ನು ಕೂಡಿಸಿ 6 ಎನ್ನುತ್ತದೆ. ಗೊತ್ತಿಲ್ಲದ್ದು 2029 ಎಂಬ ದೋಷ ಮೌಲ್ಯವನ್ನು ಹಿಂತಿರುಗಿಸುತ್ತದೆ, ಶೀಟಿನಲ್ಲಿ ಕಾಣುವ ನೇಮ್ ದೋಷ ಇದೇ. ಮ್ಯಾಕ್ರೊ ಶುರುವಾದಾಗ ಒಮ್ಮೆ ಕೇಳಿ, ಉತ್ತರವನ್ನು ಒಂದು ವೇರಿಯಬಲ್‌ನಲ್ಲಿಟ್ಟುಕೊಂಡರೆ ಸಾಕು.

ಒಂದು ಉದಾಹರಣೆ. ಎ ಕಾಲಮ್ಮಿನಲ್ಲಿ 500 ಊರಿನ ಹೆಸರುಗಳಿವೆ, ಮರುಕಳಿಸಿದ್ದನ್ನು ಬಿಟ್ಟು ಪಟ್ಟಿ ಮಾಡಬೇಕು. ಹೊಸ ಎಕ್ಸೆಲ್‌ನಲ್ಲಿ ಯುನೀಕ್ ಸೂತ್ರವನ್ನು ಸೆಲ್‌ಗೆ ಬರೆದರೆ ಆಯಿತು ಎನಿಸುತ್ತದೆ. ಆದರೆ ಅದನ್ನು ರೇಂಜ್.ಫಾರ್ಮುಲಾ ಮೂಲಕ ಬರೆದರೆ ಸೂತ್ರದ ಮುಂದೆ ಆ್ಯಟ್ ಚಿಹ್ನೆ ಸೇರಿಕೊಂಡು ಮೊದಲ ಊರು ಮಾತ್ರ ಕಾಣುತ್ತದೆ. ಹಳೆಯ ಪ್ರಾಪರ್ಟಿ ಹಳೆಯ ನಡವಳಿಕೆಯನ್ನೇ ಉಳಿಸಿಕೊಂಡಿರುವುದು ಇದಕ್ಕೆ ಕಾರಣ. ಪಟ್ಟಿ ಕೆಳಕ್ಕೆ ಹರಡಬೇಕಾದರೆ ಫಾರ್ಮುಲಾ2 ಬಳಸಬೇಕು. ಆದರೆ ಫಾರ್ಮುಲಾ2 ಎಂಬ ಹೆಸರೇ 2016ಕ್ಕೆ ಗೊತ್ತಿಲ್ಲ. ವೇರಿಯಬಲ್ಲನ್ನು ಆಸ್ ರೇಂಜ್ ಎಂದು ಘೋಷಿಸಿದ್ದರೆ ಆ ಸಾಲಿಗೆ ಓಟ ತಲುಪುವ ಮೊದಲೇ ಕಂಪೈಲ್ ದೋಷ (ಓಡಿಸುವ ಮುನ್ನ ಕೋಡ್ ಪರೀಕ್ಷಿಸುವಾಗ ಸಿಗುವ ದೋಷ) ಬರುತ್ತದೆ. ಅದೇ ವೇರಿಯಬಲ್ಲನ್ನು ಆಸ್ ಆಬ್ಜೆಕ್ಟ್ ಎಂದು ಘೋಷಿಸಿದರೆ ಕಂಪೈಲರ್ ಹೆಸರನ್ನು ಪರೀಕ್ಷಿಸುವುದಿಲ್ಲ. ಹೊಸಎಕ್ಸೆಲ್ ನಿಜವಾದಾಗ ಮಾತ್ರ ಆ ಸಾಲು ಓಡುವಂತೆ ಇಫ್ ಒಳಗಿಟ್ಟರೆ ಎರಡೂ ಕಡೆ ಸುರಕ್ಷಿತ. ತಪ್ಪಿ ಹಳೆಯದರಲ್ಲಿ ಓಡಿದರೆ 438 ಸಂಖ್ಯೆಯ ದೋಷ ಬರುತ್ತದೆ. ಆ ಸಂಖ್ಯೆ ಕಂಡರೆ ಈ ಆವೃತ್ತಿಯಲ್ಲಿ ಇಲ್ಲದ ಪ್ರಾಪರ್ಟಿಯನ್ನು ಕರೆದಿರಬಹುದೇ ಎಂದು ಮೊದಲು ನೋಡಿ.

ಹಳೆಯ ಎಕ್ಸೆಲ್‌ಗೆ ಪರ್ಯಾಯವಾಗಿ ಅಡ್ವಾನ್ಸ್ಡ್‌ಫಿಲ್ಟರ್ ಮೆಥಡ್ಡನ್ನು ಯುನೀಕ್ ಟ್ರೂ ಎಂದು ಕರೆಯಿರಿ, ಆ್ಯಕ್ಷನ್ ಮೌಲ್ಯ 2 ಕೊಟ್ಟರೆ ಫಲಿತಾಂಶ ಬೇರೆ ಜಾಗಕ್ಕೆ ನಕಲಾಗುತ್ತದೆ. ಮೊದಲ ಸಾಲು ಶೀರ್ಷಿಕೆಯಾಗಿರಬೇಕು, ಇಲ್ಲದಿದ್ದರೆ ಮೊದಲ ಊರನ್ನೇ ಶೀರ್ಷಿಕೆ ಎಂದುಕೊಂಡು ಅದು ಎರಡು ಸಲ ಬರಬಹುದು. ನಿಜ ಹೇಳಬೇಕೆಂದರೆ ಅಡ್ವಾನ್ಸ್ಡ್‌ಫಿಲ್ಟರ್ ಎಲ್ಲ ಆವೃತ್ತಿಗಳಲ್ಲೂ ಓಡುತ್ತದೆ. ಪಟ್ಟಿ ತಾನಾಗಿ ನವೀಕರಣಗೊಳ್ಳುವ ಅಗತ್ಯವಿಲ್ಲದಿದ್ದರೆ ಎರಡು ದಾರಿ ಬರೆಯದೆ ಇದೊಂದನ್ನೇ ಇಟ್ಟುಕೊಳ್ಳಿ. ಕವಲು ಕಡಿಮೆಯಾದಷ್ಟೂ ಪರೀಕ್ಷೆಯ ಹೊರೆ ಕಡಿಮೆ.

ಮಿಸ್ಸಿಂಗ್ ರೆಫರೆನ್ಸ್: ಅತಿ ಹೆಚ್ಚು ಮ್ಯಾಕ್ರೊ ಕೆಡುವ ಜಾಗ

ಎಕ್ಸೆಲ್‌ನಿಂದ ವರ್ಡ್ ಅಥವಾ ಔಟ್‌ಲುಕ್ ನಡೆಸಲು ಎಡಿಟರಿನ ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್ ತೆರೆದು ಔಟ್‌ಲುಕ್ 16.0 ಆಬ್ಜೆಕ್ಟ್ ಲೈಬ್ರರಿಗೆ (ಔಟ್‌ಲುಕ್ ನಡೆಸಲು ಬೇಕಾದ ಹೆಸರುಗಳಿರುವ ಫೈಲು) ಟಿಕ್ ಹಾಕುತ್ತಾರೆ. ಬರೆಯುವಾಗ ಪ್ರಾಪರ್ಟಿಗಳ ಪಟ್ಟಿ ತಾನಾಗಿ ಬಂದು ಅನುಕೂಲವಾಗುತ್ತದೆ. ಈ ಫೈಲು 2010ಕ್ಕೆ ಹೋದಾಗ ಅಲ್ಲಿ 16.0 ಲೈಬ್ರರಿ ಇರುವುದಿಲ್ಲ, ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಮಿಸ್ಸಿಂಗ್ ಎಂದು ಕಾಣುತ್ತದೆ. ಹಳೆಯದರಿಂದ ಹೊಸದಕ್ಕೆ ಹೋದರೆ ಆಫೀಸ್ ತಾನೇ ಮೇಲಿನ ಲೈಬ್ರರಿಗೆ ಜೋಡಿಸಿಕೊಳ್ಳುತ್ತದೆ, ಹೊಸದರಿಂದ ಹಳೆಯದಕ್ಕೆ ಇಳಿಸಿಕೊಳ್ಳುವುದಿಲ್ಲ. 2010ರಲ್ಲಿ ಬರೆದ ಫೈಲನ್ನು ಯಾರೋ 365ರಲ್ಲಿ ತೆರೆದು ಸೇವ್ ಮಾಡಿದರೂ ಸಾಕು, ಮರುದಿನ 2010ರಲ್ಲಿ ಅದು ಓಡುವುದಿಲ್ಲ. ಕೋಡ್ ಮುಟ್ಟಿಯೇ ಇಲ್ಲ, ನಿನ್ನೆಯವರೆಗೂ ಓಡುತ್ತಿತ್ತು ಎಂಬ ದೂರಿನ ಹಿಂದೆ ಬಹಳಷ್ಟು ಸಲ ಇರುವುದು ಇದೇ.

ದೋಷ ತೋರುವ ಜಾಗವೂ ದಾರಿ ತಪ್ಪಿಸುತ್ತದೆ. ಪ್ರಾಜೆಕ್ಟ್ ಅಥವಾ ಲೈಬ್ರರಿ ಸಿಗುತ್ತಿಲ್ಲ ಎಂಬ ಸಂದೇಶ ಬಂದು, ಔಟ್‌ಲುಕ್‌ಗೆ ಸಂಬಂಧವೇ ಇಲ್ಲದ ಲೆಫ್ಟ್, ಟ್ರಿಮ್ ಅಥವಾ ಡೇಟ್ ಎಂಬ ಪದ ನೀಲಿಯಾಗಿ ಎದ್ದು ಕಾಣುತ್ತದೆ. ಕೆಲವರು ಅಲ್ಲಿಗೆ ವಿಬಿಎ.ಲೆಫ್ಟ್ ಎಂದು ಬರೆದು ಮುಂದೆ ಹೋಗುತ್ತಾರೆ. ಅದರಿಂದ ಮೂಲ ಕಾರಣ ಮುಚ್ಚಿಹೋಗುತ್ತದೆ ಅಷ್ಟೇ.

ಪರಿಹಾರ ಲೇಟ್ ಬೈಂಡಿಂಗ್, ಅಂದರೆ ಲೈಬ್ರರಿಯನ್ನು ಮೊದಲೇ ಜೋಡಿಸದೆ ಕೋಡ್ ಓಡುವಾಗ ಹುಡುಕಿಕೊಳ್ಳುವುದು. ಅದನ್ನು ಹೀಗೆ ಮಾಡಿ.

1. ಬರೆಯುವಾಗ ರೆಫರೆನ್ಸ್ ಟಿಕ್ ಇರಲಿ, ಅನುಕೂಲ ಬಿಡಬೇಕಿಲ್ಲ. ಪ್ರತಿ ಮಾಡ್ಯೂಲಿನ ಮೊದಲ ಸಾಲು ಆಪ್ಷನ್ ಎಕ್ಸ್‌ಪ್ಲಿಸಿಟ್ ಆಗಿರಲಿ, ಘೋಷಿಸದ ಹೆಸರನ್ನು ಅದು ಒಪ್ಪುವುದಿಲ್ಲ.

2. ಕೋಡ್ ಮುಗಿದ ಮೇಲೆ ಟಿಕ್ ತೆಗೆಯಿರಿ. ಆಸ್ ವರ್ಡ್.ಅಪ್ಲಿಕೇಶನ್, ಆಸ್ ಔಟ್‌ಲುಕ್.ಮೇಲ್‌ಐಟಂ ಎಂದಿರುವ ಕಡೆಯೆಲ್ಲ ಆಸ್ ಆಬ್ಜೆಕ್ಟ್ ಮಾಡಿ. ನ್ಯೂ ಎಂದು ಹೊಸದಾಗಿ ಸೃಷ್ಟಿಸಿರುವ ಕಡೆ ಕ್ರಿಯೇಟ್‌ಆಬ್ಜೆಕ್ಟ್ ಬರಲಿ.

3. ಡೀಬಗ್ ಮೆನುವಿನ ಕಂಪೈಲ್ ಒತ್ತಿ. ಲೈಬ್ರರಿಯಿಂದ ಬರುತ್ತಿದ್ದ ಪ್ರತಿ ಸ್ಥಿರಾಂಕದ ಹೆಸರಿನ ಮೇಲೂ ಅದು ನಿಲ್ಲುತ್ತದೆ. ಅವನ್ನು ನೀವೇ ಕಾನ್ಸ್ಟ್ ಎಂದು ಘೋಷಿಸಿ: ಓಎಲ್‌ಮೇಲ್‌ಐಟಂ 0, ಡಬ್ಲ್ಯೂಡಿಫಾರ್ಮ್ಯಾಟ್‌ಪಿಡಿಎಫ್ 17, ಡಬ್ಲ್ಯೂಡಿಫಾರ್ಮ್ಯಾಟ್‌ಎಕ್ಸ್‌ಎಂಎಲ್‌ಡಾಕ್ಯುಮೆಂಟ್ 12, ಡಬ್ಲ್ಯೂಡಿಡುನಾಟ್‌ಸೇವ್‌ಚೇಂಜಸ್ 0.

ಆಪ್ಷನ್ ಎಕ್ಸ್‌ಪ್ಲಿಸಿಟ್ ಇಲ್ಲದೆ ಹೋದರೆ ಏನಾಗುತ್ತದೆ ನೋಡಿ. ವರ್ಡ್ ದಾಖಲೆಯನ್ನು ಪಿಡಿಎಫ್ ಮಾಡುವ ಸಾಲಿನಲ್ಲಿ ಡಬ್ಲ್ಯೂಡಿಫಾರ್ಮ್ಯಾಟ್‌ಪಿಡಿಎಫ್ ಎಂಬ ಹೆಸರು ಉಳಿದಿದೆ, ಎಕ್ಸೆಲ್‌ಗೆ ಅದು ಗೊತ್ತಿಲ್ಲ. ಹೊಸ ಖಾಲಿ ವೇರಿಯಬಲ್ ಎಂದುಕೊಂಡು 0 ಕಳಿಸುತ್ತದೆ. ವರ್ಡ್‌ನಲ್ಲಿ 0 ಎಂದರೆ ಹಳೆಯ ಡಾಕ್ ಫಾರ್ಮ್ಯಾಟ್. ಫೈಲು ಸೇವ್ ಆಗುತ್ತದೆ, ಹೆಸರಿನ ಕೊನೆಯಲ್ಲಿ ಪಿಡಿಎಫ್ ಎಂದೇ ಇರುತ್ತದೆ, ದೋಷ ಸಂದೇಶವೂ ಬರುವುದಿಲ್ಲ. ಪಡೆದವರು ತೆರೆಯಲು ಹೋದಾಗ ಮಾತ್ರ ಫೈಲು ಹಾಳಾಗಿದೆ ಎಂದು ರೀಡರ್ ಹೇಳುತ್ತದೆ.

ವರ್ಡ್ ತೆರೆಯುವ ಸಾಲುಗಳು ಹೀಗಿರಲಿ:

ಆನ್ ಎರರ್ ರೆಸ್ಯೂಮ್ ನೆಕ್ಸ್ಟ್
ಸೆಟ್ ವರ್ಡ್ = ಗೆಟ್‌ಆಬ್ಜೆಕ್ಟ್(, "ವರ್ಡ್.ಅಪ್ಲಿಕೇಶನ್")
ಇಫ್ ವರ್ಡ್ ಇಸ್ ನಥಿಂಗ್ ದೆನ್
ಸೆಟ್ ವರ್ಡ್ = ಕ್ರಿಯೇಟ್‌ಆಬ್ಜೆಕ್ಟ್("ವರ್ಡ್.ಅಪ್ಲಿಕೇಶನ್")
ನಾವೇತೆರೆದದ್ದು = ಟ್ರೂ
ಎಂಡ್ ಇಫ್
ಆನ್ ಎರರ್ ಗೋಟೂ 0

ಕೊನೆಯ ಸಾಲನ್ನು ಮರೆತರೆ ಮುಂದಿನ ದೋಷಗಳೆಲ್ಲ ಸದ್ದಿಲ್ಲದೆ ನುಂಗಿಹೋಗುತ್ತವೆ. ಕೆಲಸ ಮುಗಿದಾಗ ನಾವೇತೆರೆದದ್ದು ನಿಜವಾಗಿದ್ದರೆ ಮಾತ್ರ ಕ್ವಿಟ್ ಮಾಡಿ. ಇಲ್ಲವಾದರೆ ಬಳಕೆದಾರರು ತೆರೆದಿಟ್ಟ ವರ್ಡನ್ನೂ ಮುಚ್ಚಿಬಿಡುತ್ತೀರಿ. ಕ್ವಿಟ್ ಮಾಡದೇ ಬಿಟ್ಟರೆ ಟಾಸ್ಕ್ ಮ್ಯಾನೇಜರಿನಲ್ಲಿ ಕಣ್ಣಿಗೆ ಕಾಣದ ವರ್ಡ್‌ಗಳು ಸಾಲುಗಟ್ಟುತ್ತವೆ.

ಔಟ್‌ಲುಕ್ ವಿಷಯದಲ್ಲಿ ಒಂದು ಎಚ್ಚರಿಕೆ. ವಿಂಡೋಸ್‌ನ ಹೊಸ ಔಟ್‌ಲುಕ್ ಈ ಬಗೆಯ ಮ್ಯಾಕ್ರೊ ನಿಯಂತ್ರಣಕ್ಕೆ ಒಗ್ಗುವುದೇ ಇಲ್ಲ. ಕ್ಲಾಸಿಕ್ ಔಟ್‌ಲುಕ್ ಇಲ್ಲದ ಕಂಪ್ಯೂಟರಿನಲ್ಲಿ ಕ್ರಿಯೇಟ್‌ಆಬ್ಜೆಕ್ಟ್ 429 ದೋಷ ಕೊಡುತ್ತದೆ. ಆ ದೋಷವನ್ನು ಹಿಡಿದು, ಕ್ಲಾಸಿಕ್ ಔಟ್‌ಲುಕ್ ಬೇಕು ಎಂದು ಸ್ಪಷ್ಟ ಸಂದೇಶ ತೋರಿಸಿ.

32 ಬಿಟ್, 64 ಬಿಟ್

2010ರಿಂದ ಆಫೀಸ್ ಎರಡೂ ರೂಪದಲ್ಲಿ ಬರುತ್ತಿದೆ, 2019ರಿಂದ 64 ಬಿಟ್ ತಾನಾಗಿ ಇನ್‌ಸ್ಟಾಲ್ ಆಗುವ ರೂಪ. ವಿಂಡೋಸ್‌ನ ಒಳಗಿನ ಫಂಕ್ಷನ್‌ಗಳನ್ನು ಡಿಕ್ಲೇರ್ ಮೂಲಕ ಕರೆಯದ ಮ್ಯಾಕ್ರೊಗಳಿಗೆ ಇದರ ಚಿಂತೆ ಬೇಡ. ಡಿಕ್ಲೇರ್ ಇದ್ದರೆ 64 ಬಿಟ್ ಆಫೀಸ್ ಅದರಲ್ಲಿ ಪಿಟಿಆರ್‌ಸೇಫ್ ಪದವನ್ನು ಕಡ್ಡಾಯವಾಗಿ ಕೇಳುತ್ತದೆ. 2007 ಮತ್ತು ಹಿಂದಿನವುಗಳಿಗೆ ಆ ಪದವೇ ತಿಳಿಯದು. ಹಾಗಾಗಿ ಎರಡನ್ನೂ ಬರೆಯಿರಿ:

#ಇಫ್ ವಿಬಿಎ7 ದೆನ್
ಪ್ರೈವೇಟ್ ಡಿಕ್ಲೇರ್ ಪಿಟಿಆರ್‌ಸೇಫ್ ಸಬ್ ಸ್ಲೀಪ್ ಲಿಬ್ "ಕರ್ನೆಲ್32" (ಬೈವ್ಯಾಲ್ ಮಿಲಿಸೆಕೆಂಡ್ ಆಸ್ ಲಾಂಗ್)
#ಎಲ್ಸ್
ಪ್ರೈವೇಟ್ ಡಿಕ್ಲೇರ್ ಸಬ್ ಸ್ಲೀಪ್ ಲಿಬ್ "ಕರ್ನೆಲ್32" (ಬೈವ್ಯಾಲ್ ಮಿಲಿಸೆಕೆಂಡ್ ಆಸ್ ಲಾಂಗ್)
#ಎಂಡ್ ಇಫ್

ಎಡಿಟರ್ ಎರಡರಲ್ಲಿ ಒಂದು ಸಾಲನ್ನು ಕೆಂಪಾಗಿ ತೋರಿಸಬಹುದು. ಗಾಬರಿ ಬೇಡ, ಅನ್ವಯಿಸದ ಕವಲನ್ನು ಕಂಪೈಲರ್ ಮುಟ್ಟುವುದಿಲ್ಲ.

ವಿಬಿಎ7 ಎಂದರೆ ಆಫೀಸ್ 2010 ಅಥವಾ ನಂತರದ್ದು, 32 ಬಿಟ್ ಆದರೂ ನಿಜವೇ. ವಿನ್64 ಎಂದರೆ ಆಫೀಸ್ 64 ಬಿಟ್. ಹೆಸರು ವಿಂಡೋಸನ್ನು ಸೂಚಿಸಿದರೂ ಅದು ಹೇಳುವುದು ಆಫೀಸ್‌ನ ಬಗ್ಗೆ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಆಫೀಸ್ ಇದ್ದರೆ ವಿನ್64 ಸುಳ್ಳೇ.

ಇಲ್ಲಿ ನಡೆಯುವ ದೊಡ್ಡ ತಪ್ಪು, ಲಾಂಗ್ (32 ಬಿಟ್ ಪೂರ್ಣಾಂಕ) ಇರುವಲ್ಲೆಲ್ಲ ಲಾಂಗ್‌ಪಿಟಿಆರ್ ಎಂದು ಒಂದೇ ಏಟಿಗೆ ಬದಲಿಸುವುದು. ವಿಂಡೋ ಹ್ಯಾಂಡಲ್ (ವಿಂಡೋಸ್ ಪ್ರತಿ ಕಿಟಕಿಗೆ ಕೊಡುವ ಗುರುತು) ಮತ್ತು ಮೆಮರಿ ವಿಳಾಸ ಮಾತ್ರ ಲಾಂಗ್‌ಪಿಟಿಆರ್ ಆಗಬೇಕು. ಮೇಲಿನ ಸ್ಲೀಪ್‌ನ ಮಿಲಿಸೆಕೆಂಡ್ ಬರೀ ಸಂಖ್ಯೆ, ಅದು ಲಾಂಗ್ ಆಗಿಯೇ ಇರಲಿ. ಫೈಂಡ್‌ವಿಂಡೋ ಹಿಂತಿರುಗಿಸುವುದು ಹ್ಯಾಂಡಲ್, ಅದು ಲಾಂಗ್‌ಪಿಟಿಆರ್. ಸ್ಟ್ರಕ್ಚರಿನೊಳಗೆ ತಪ್ಪು ಅಳತೆ ಹಾಕಿದರೆ ದೋಷ ಸಂದೇಶ ಕೂಡ ಬಾರದೆ ಎಕ್ಸೆಲ್ ಮುಚ್ಚಿಕೊಳ್ಳಬಹುದು.

ಸಾಲುಗಳ ಸಂಖ್ಯೆ ಮತ್ತು ಸೇವ್ ಮಾಡುವ ಬಗೆ

2003ರವರೆಗೆ ಶೀಟಿನಲ್ಲಿ 65,536 ಸಾಲು, 256 ಕಾಲಮ್. 2007ರಿಂದ 10,48,576 ಸಾಲು, 16,384 ಕಾಲಮ್. ಕೊನೆಯ ಸಾಲು ಹುಡುಕಲು ಎ65536 ಎಂದು ಬರೆದಿಟ್ಟ ಹಳೆಯ ಕೋಡ್‌ಗಳನ್ನು ರೋಸ್.ಕೌಂಟ್‌ಗೆ ಬದಲಿಸಿ. ಸಾಲಿನ ಎಣಿಕೆಗೆ ಇಂಟಿಜರ್ ಬೇಡ, ಅದು 32,767ಕ್ಕೆ ಮುಗಿಯುತ್ತದೆ. ಲಾಂಗ್ ಬಳಸಿ. ಇಡೀ ಶೀಟಿನ ಸೆಲ್ಸ್.ಕೌಂಟ್ 2007ರಿಂದ ಓವರ್‌ಫ್ಲೋ ಆಗುತ್ತದೆ, ಅಲ್ಲಿ ಕೌಂಟ್‌ಲಾರ್ಜ್ ಬೇಕು.

ಸೇವ್‌ಆ್ಯಸ್ ಮಾಡುವಾಗ ಫೈಲ್‌ಫಾರ್ಮ್ಯಾಟ್ ಸಂಖ್ಯೆಯನ್ನು ಯಾವಾಗಲೂ ಕೊಡಿ. ಎಕ್ಸ್‌ಎಲ್‌ಎಸ್‌ಎಕ್ಸ್‌ಗೆ 51, ಮ್ಯಾಕ್ರೊ ಇರುವ ಎಕ್ಸ್‌ಎಲ್‌ಎಸ್‌ಎಂಗೆ 52, ಎಕ್ಸ್‌ಎಲ್‌ಎಸ್‌ಬಿಗೆ 50, ಹಳೆಯ ಎಕ್ಸ್‌ಎಲ್‌ಎಸ್‌ಗೆ 56. ಆದರೆ 2003ಕ್ಕೆ 56 ಗೊತ್ತಿಲ್ಲ, ಅಲ್ಲಿ -4143 ಕೊಡಬೇಕು. ಆವೃತ್ತಿ ಸಂಖ್ಯೆ ನೋಡಿ ನಿರ್ಧರಿಸುವುದು ಸರಿಯಾಗುವ ಅಪರೂಪದ ಜಾಗ ಇದು. ಸಂಖ್ಯೆ ಕೊಡದೆ ಹೆಸರಿನ ಕೊನೆಯನ್ನಷ್ಟೇ ಎಕ್ಸ್‌ಎಲ್‌ಎಸ್ ಎಂದು ಬದಲಿಸಿದರೆ ಒಳಗಿನ ರೂಪ ಬೇರೆಯಾಗಿ ಉಳಿದು, ತೆರೆಯುವಾಗಲೆಲ್ಲ ಹೆಸರಿಗೂ ರೂಪಕ್ಕೂ ಹೊಂದಿಕೆಯಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಡಿಸ್‌ಪ್ಲೇಅಲರ್ಟ್ಸ್ ಫಾಲ್ಸ್ ಇಟ್ಟು ಮ್ಯಾಕ್ರೊ ಫೈಲನ್ನೇ 51ರಲ್ಲಿ ಸೇವ್ ಮಾಡಿದರೆ ಆ ಪ್ರತಿಯಲ್ಲಿ ಕೋಡ್ ಪೂರ್ತಿ ಹೋಗುತ್ತದೆ, ಕೇಳುವ ಪೆಟ್ಟಿಗೆಯೂ ಬರುವುದಿಲ್ಲ.

ಹಳೆಯ ಕೋಡ್‌ನಲ್ಲಿ ಅಪ್ಲಿಕೇಶನ್.ಫೈಲ್‌ಸರ್ಚ್ ಕಂಡರೆ ತೆಗೆದುಹಾಕಿ, 2007ರಿಂದ ಅದಿಲ್ಲ. ಡಿರ್ ಫಂಕ್ಷನ್ ಎಲ್ಲ ಕಡೆ ನಡೆಯುತ್ತದೆ. ಆದರೆ ಒನ್‌ಡ್ರೈವ್‌ನಲ್ಲಿರುವ ಫೈಲಿಗೆ ದಿಸ್‌ವರ್ಕ್‌ಬುಕ್.ಪಾತ್ ಇಂಟರ್ನೆಟ್ ವಿಳಾಸವನ್ನು ಕೊಡಬಹುದು, ಅದರ ಮೇಲೆ ಡಿರ್ ನಡೆಯದು.

ಒಂದೇ ಕಂಪ್ಯೂಟರಿನಲ್ಲಿ ಎರಡು ಆಫೀಸ್

ಪರೀಕ್ಷೆಗೆಂದು 2010 ಮತ್ತು 2016 ಎರಡನ್ನೂ ಇಟ್ಟುಕೊಂಡವರು, "ಎಕ್ಸೆಲ್.ಅಪ್ಲಿಕೇಶನ್.14" ಎಂದು ಕ್ರಿಯೇಟ್‌ಆಬ್ಜೆಕ್ಟ್‌ಗೆ ಕೊಟ್ಟರೆ 2010 ತೆರೆಯುತ್ತದೆ ಎಂದುಕೊಳ್ಳುತ್ತಾರೆ. ತೆರೆಯುವ ಖಾತ್ರಿಯಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಎಲ್ಲ ಆವೃತ್ತಿಯ ಎಕ್ಸೆಲ್‌ಗೂ ಗುರುತಿನ ಸಂಖ್ಯೆ ಒಂದೇ, ಕೊನೆಗೆ ನೋಂದಣಿಯಾದದ್ದು ಯಾವುದೋ ಅದೇ ಏಳುತ್ತದೆ.

ನಿರ್ದಿಷ್ಟ ಆವೃತ್ತಿಯೇ ಬೇಕಿದ್ದರೆ ಬೇರೆ ಪ್ರೋಗ್ರಾಂ ಓಡಿಸುವ ಶೆಲ್ ಫಂಕ್ಷನ್ ಮೂಲಕ ಆ ಆವೃತ್ತಿಯ ಎಕ್ಸೆಲ್ ಪ್ರೋಗ್ರಾಂ ಫೈಲಿನ ಪೂರ್ಣ ಹಾದಿಯನ್ನು ಕೊಟ್ಟು, ಜತೆಗೆ ತೆರೆಯಬೇಕಾದ ವರ್ಕ್‌ಬುಕ್ಕಿನ ಹಾದಿಯನ್ನೂ ಕೊಡಿ. 2010 ಇರುವುದು ಆಫೀಸ್14 ಫೋಲ್ಡರಿನಲ್ಲಿ. ಕ್ಲಿಕ್‌ಟುರನ್ ಮೂಲಕ ಬಂದ ಹೊಸವು ರೂಟ್ ಫೋಲ್ಡರಿನೊಳಗಿನ ಆಫೀಸ್16ರಲ್ಲಿ. ಹಾದಿಯಲ್ಲಿ ಖಾಲಿ ಜಾಗ ಇರುವುದರಿಂದ ಎರಡನ್ನೂ ಜೋಡಿ ಉದ್ಧರಣ ಚಿಹ್ನೆಗಳಲ್ಲಿ ಸುತ್ತಬೇಕು. ಬಳಿಕ ಗೆಟ್‌ಆಬ್ಜೆಕ್ಟ್‌ಗೆ ವರ್ಕ್‌ಬುಕ್ಕಿನ ಹಾದಿಯನ್ನೇ ಕೊಟ್ಟರೆ, ಅದನ್ನು ತೆರೆದಿರುವ ಎಕ್ಸೆಲ್ ಕೈಗೆ ಸಿಗುತ್ತದೆ.

ಇದರಲ್ಲಿ ಆತುರ ಸಲ್ಲದು. ಶೆಲ್ ಕಾಯುವುದಿಲ್ಲ, ತಕ್ಷಣ ಮುಂದಿನ ಸಾಲಿಗೆ ಬರುತ್ತದೆ. ಫೈಲು ತೆರೆಯುವ ಮೊದಲೇ ಗೆಟ್‌ಆಬ್ಜೆಕ್ಟ್ ಕರೆದರೆ ಅದು ತಾನೇ ಹೋಗಿ ನೋಂದಾಯಿತ ಆವೃತ್ತಿಯಲ್ಲಿ ತೆರೆದುಬಿಡುತ್ತದೆ. ಆದ್ದರಿಂದ ಫೈಲನ್ನು ಓಪನ್ ಫಾರ್ ಬೈನರಿ, ಲಾಕ್ ರೀಡ್ ರೈಟ್ ಎಂದು ತೆರೆಯಲು ಪ್ರಯತ್ನಿಸುವ ಲೂಪ್ ಹಾಕಿ. 70 ಸಂಖ್ಯೆಯ ದೋಷ ಬಂತೆಂದರೆ ಎಕ್ಸೆಲ್ ಅದನ್ನು ಹಿಡಿದುಕೊಂಡಿದೆ. ಬಾರದಿದ್ದರೆ ಕ್ಲೋಸ್ ಮಾಡಿ, ಅರ್ಧ ಸೆಕೆಂಡ್ ಸ್ಲೀಪ್ ಕೊಟ್ಟು ಮತ್ತೆ ನೋಡಿ. ದೋಷ ಬಂದ ಮೇಲೆ ಎರಡು ಸೆಕೆಂಡ್ ಕಾದು ಗೆಟ್‌ಆಬ್ಜೆಕ್ಟ್ ಕರೆಯಿರಿ. ಸಿಕ್ಕಿದ್ದರ ಅಪ್ಲಿಕೇಶನ್.ವರ್ಷನ್ "14.0" ಹೌದೇ ಎಂದು ನೋಡಿಕೊಂಡೇ ಮುಂದುವರಿಯಿರಿ.

ಸಾಧ್ಯವಾದರೆ ಈ ಸರ್ಕಸ್ಸೇ ಬೇಡ. ಆವೃತ್ತಿಗೊಂದು ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೆ ಬೇರೆಯಾಗಿ ಓಡುವ ತೋರಿಕೆಯ ಕಂಪ್ಯೂಟರ್) ಇಟ್ಟುಕೊಳ್ಳುವುದು ಹೆಚ್ಚು ನೆಮ್ಮದಿ.

ಕೋಡ್‌ನೊಳಗೆ ಕನ್ನಡ

ವಿಬಿಎ ಎಡಿಟರ್ ಯುನಿಕೋಡ್ ಅಲ್ಲ. ವಿಂಡೋಸ್‌ನಲ್ಲಿ ಎಡಿಟರ್ ಬಳಸಬಲ್ಲ ಕೋಡ್ ಪೇಜ್ (ಅಕ್ಷರಗಳಿಗೆ ಸಂಖ್ಯೆ ಕೊಡುವ ಹಳೆಯ ಪಟ್ಟಿ) ಕನ್ನಡಕ್ಕೆ ಇಲ್ಲದ್ದರಿಂದ ಎಡಿಟರಿಗೆ ಅಂಟಿಸಿದ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. 365ರಲ್ಲೂ ಇದೇ ಕಥೆ. ಚಿಕ್ಕ ಪದಕ್ಕೆ, ಸಂಖ್ಯೆಯಿಂದ ಅಕ್ಷರ ಕೊಡುವ ಸಿಎಚ್‌ಆರ್‌ಡಬ್ಲ್ಯೂ ಸಾಕು: 3221, 3240, 3277, 3240, 3233 ಇವನ್ನು ಜೋಡಿಸಿದರೆ "ಕನ್ನಡ" ಆಗುತ್ತದೆ. ಮೂರನೆಯದು ಒತ್ತಕ್ಷರ ಮೂಡಿಸುವ ವಿರಾಮ (ಹಲಂತ) ಚಿಹ್ನೆ, ಅದನ್ನು ಬಿಟ್ಟರೆ "ಕನನಡ" ಎಂದಾಗುತ್ತದೆ. ಉದ್ದದ ಸಂದೇಶಗಳನ್ನು ಒಂದು ಅಡಗಿಸಿದ ಶೀಟಿನ ಸೆಲ್‌ಗಳಲ್ಲಿಟ್ಟು ಅಲ್ಲಿಂದ ಓದಿಕೊಳ್ಳಿ, ತಿದ್ದುವುದೂ ಸುಲಭ.

ಸೆಲ್‌ನಿಂದ ಓದಿದ ಕನ್ನಡವೂ ಎಂಎಸ್‌ಜಿಬಾಕ್ಸ್‌ನಲ್ಲಿ ಕಾಣುವುದಿಲ್ಲ. ಅದಕ್ಕೆ ಯೂಸರ್32 ಲೈಬ್ರರಿಯ ಮೆಸೇಜ್‌ಬಾಕ್ಸ್‌ಡಬ್ಲ್ಯೂ ಫಂಕ್ಷನ್ನನ್ನು ಡಿಕ್ಲೇರ್ ಮಾಡಿ. ಮೊದಲ ಮೂರು ಆರ್ಗ್ಯುಮೆಂಟ್ ಲಾಂಗ್‌ಪಿಟಿಆರ್, ನಾಲ್ಕನೆಯದು ಲಾಂಗ್. ಕರೆಯುವಾಗ ಹೀಗೆ:

ಮೆಸೇಜ್‌ಬಾಕ್ಸ್‌ಡಬ್ಲ್ಯೂ 0, ಎಸ್‌ಟಿಆರ್‌ಪಿಟಿಆರ್(ಸಂದೇಶ), ಎಸ್‌ಟಿಆರ್‌ಪಿಟಿಆರ್(ಶೀರ್ಷಿಕೆ), 0

ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ತುಂಬಿದ ಶೀಟುಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಲ್ಯಾಟಿನ್ ಅಕ್ಷರ. ಯುನಿಕೋಡ್ ಪಟ್ಟಿಯೊಂದಿಗೆ ಹೋಲಿಸಿದರೆ ಒಂದೂ ಹೊಂದುವುದಿಲ್ಲ. ಮೊದಲ ಅಕ್ಷರದ ಎಎಸ್‌ಸಿಡಬ್ಲ್ಯೂ ಮೌಲ್ಯ 3200ರಿಂದ 3327ರೊಳಗಿದ್ದರೆ ಅದು ಯುನಿಕೋಡ್ ಕನ್ನಡ. ಇಲ್ಲದಿದ್ದರೆ ಲೆಕ್ಕ ಶುರುಮಾಡುವ ಮೊದಲೇ ಬಳಕೆದಾರರಿಗೆ ತಿಳಿಸಿ.

ಹಂಚುವ ಮುನ್ನ

ಕೋಡನ್ನು ಬಳಕೆಯಲ್ಲಿರುವ ಅತ್ಯಂತ ಹಳೆಯ ಆವೃತ್ತಿಯಲ್ಲೇ ಬರೆದು, ಅಲ್ಲೇ ಕೊನೆಯ ಸಲ ಸೇವ್ ಮಾಡಿ. ಪ್ರತಿ ಆವೃತ್ತಿಯಲ್ಲೂ ಮೊದಲು ಡೀಬಗ್ ಮೆನುವಿನಿಂದ ಕಂಪೈಲ್ ಮಾಡಿ, ಆಮೇಲೆ ಓಡಿಸಿ. ಬಟನ್ ಒತ್ತಿ ನೋಡುವುದರಿಂದ ಆ ಹಾದಿಯ ದೋಷವಷ್ಟೇ ಸಿಗುತ್ತದೆ, ಕಂಪೈಲ್ ಮಾಡಿದರೆ ಓಡದ ಮಾಡ್ಯೂಲುಗಳ ದೋಷವೂ ಸಿಗುತ್ತದೆ. 32 ಮತ್ತು 64 ಬಿಟ್ ಎರಡರಲ್ಲೂ ಮಾಡಬೇಕು.

ಇಮೇಲ್ ಅಥವಾ ಬ್ರೌಸರ್‌ನಿಂದ ಇಳಿಸಿಕೊಂಡ ಫೈಲಿನ ಮ್ಯಾಕ್ರೊಗಳನ್ನು ಆಫೀಸ್ 2022ರಿಂದ ತಾನಾಗಿ ತಡೆಹಿಡಿಯುತ್ತಿದೆ, ಮೇಲೆ ಕೆಂಪು ಪಟ್ಟಿ ಬರುತ್ತದೆ. ಫೈಲು ಯಾರಿಂದ ಬಂದದ್ದೆಂದು ಖಚಿತವಿದ್ದರೆ ಮಾತ್ರ ಅದನ್ನು ಮುಚ್ಚಿ, ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು, ಜನರಲ್ ಟ್ಯಾಬಿನ ಕೆಳಗಿರುವ ಅನ್‌ಬ್ಲಾಕ್‌ಗೆ ಟಿಕ್ ಹಾಕಿ ಓಕೆ ಒತ್ತಬೇಕು. ಜಿಪ್ ಆಗಿ ಬಂದಿದ್ದರೆ ಬಿಡಿಸುವ ಮೊದಲು ಜಿಪ್ಪನ್ನೇ ಅನ್‌ಬ್ಲಾಕ್ ಮಾಡಿ. ಈ ನಾಲ್ಕು ಸಾಲನ್ನು ಫೈಲಿನ ಜತೆ ಬರೆದು ಕಳಿಸಿ, ಮ್ಯಾಕ್ರೊ ಓಡುತ್ತಿಲ್ಲ ಎಂಬ ಕರೆಗಳಲ್ಲಿ ಬಹುಪಾಲು ಇದರಿಂದಲೇ ತಪ್ಪುತ್ತವೆ.